ಕರ್ತೃ ಯಾರು?

ಕುಂದಾಪುರ
ಡಿಸೆಂಬರ್ 6, ರಾತ್ರಿ

ಅಕ್ಕಾ,

ಹೋದ ಸಲದ ಕಾಗದದಲ್ಲಿ ‘ನಾನು’ ಇಪ್ಪತ್ತಾರು ಸಲ ಬಂದಿದೆ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅದರ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆಯಲ್ಲ, ಈ ಸಲ ಒಂದೂ ಸಿಗುವುದಿಲ್ಲ. ಏನೇ ನಡೆದಿದ್ದರೂ ಅದು ನಿನ್ನ ತಂಗಿಗೆ ನಡೆದದ್ದು. ಕನ್ನಡ ಟೀಚರಿನ ಬೆನ್ನಿಗೆ ಹುಟ್ಟಿದವರ ಪಾಡು ಇದು.

ನಿನ್ನ ತಂಗಿ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ನಸುಕಿನಲ್ಲಿ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿದಳು. ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. “ಎಲ್ಲಿಗ್ ಹೋಯ್ಕ್?” ಎಂದ ಆಟೋದವರ ಮಾತಿನಲ್ಲಿ ಅವಳಿಗೆ ಅರ್ಥವಾದದ್ದು ‘ಎಲ್ಲಿಗೆ’ ಮಾತ್ರ. ಐದು ನದಿಗಳು ಸೇರಿ ಸಮುದ್ರಕ್ಕೆ ಬೀಳುವ ಪಂಚಗಂಗಾವಳಿಯ ಹೆಸರನ್ನೇ ಆ ರೈಲಿಗೆ ಇಟ್ಟಿದ್ದಾರೆಂದು ಹೇಳಿಕೊಟ್ಟವರೂ ಅವರೇ. ಪೇಟೆಯ ಹೋಟೆಲಿನಲ್ಲಿ ಬಿಸಿ ಬನ್ಸ್ ಮೂರು ತಿಂದಳು. ಎರಡು ಎಂದು ಅಮ್ಮನಿಗೆ ಹೇಳು.

ಅವಳು ಅಲ್ಲಿಗೆ ಯಾಕೆ ಹೋದಳು ಎಂದು ಅಮ್ಮ ಕೇಳಿದರೆ ನೀನೇ ಸಂಭಾಳಿಸಬೇಕು. ಮಕ್ಕಳ ಹಕ್ಕುಗಳ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಾಗ ಕಾರ್ಡಿನ ಮೇಲೆ ‘ಯೂತ್ ಎಂಗೇಜ್‌ಮೆಂಟ್ ಮತ್ತು ಅಡ್ವೊಕೆಸಿ’ ಎಂದಿತ್ತು. ಅದೆಂಥದು ಎಂದು ಅಮ್ಮ ಕೇಳಿದಾಗ ಅವಸರದಲ್ಲಿ ‘ಒಂಥರಾ ವಕಾಲತ್ತು’ ಎಂದದ್ದೇ ತಪ್ಪಾಯಿತು, ಕಿರಿಮಗಳು ಲಾಯರಾದಳು ಎಂದು ತಿಪಟೂರಿನ ಅರ್ಧ ಬೀದಿಗೆ ಸುದ್ದಿ. ಎಂಗೇಜ್‌ಮೆಂಟ್ ಎನ್ನುವುದಷ್ಟೇ ಕಿವಿಗೆ ಬಿದ್ದ ದೊಡ್ಡಮ್ಮ ಹುಡುಗ ಯಾವೂರಿನವನು ಎಂದು ವಿಚಾರಿಸಿದ್ದು ಬೇರೆ.

ಕೆಲಸದ ಬೇರು ಇರುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ. 1989ರ ನವೆಂಬರ್ 20ರಂದು ಅದು ಅಂಗೀಕಾರವಾಯಿತು, ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡಿತು. 54 ವಿಧಿಗಳಲ್ಲಿ ದೊಡ್ಡವರಿಗೆ ಅತ್ಯಂತ ಮುಜುಗರ ತರುವುದು 12ನೆಯದು. ತನಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಆ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ಬುದ್ಧಿ ಬಲಿತಷ್ಟು ತೂಕ ಕೊಡಬೇಕು ಎನ್ನುತ್ತದೆ ಅದು. ಊಟ, ಬಟ್ಟೆ, ಶಾಲೆ ಕೊಡಬೇಕು ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಮಾತಿಗೆ ತೂಕ ಕೊಡಬೇಕು ಎಂದ ಕೂಡಲೇ “ಅವಕ್ಕೇನು ತಿಳಿಯುತ್ತೆ” ಶುರು.

ಅವಕ್ಕೆ ತಿಳಿಯುತ್ತದೆ ಎಂದು ತುಂಬ ಹಿಂದೆಯೇ ಪಟ್ಟು ಹಿಡಿದ ಸೀಮೆ ಈ ಕುಂದಾಪುರ. ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆದು ಟೇಬಲ್ ಒರೆಸುತ್ತಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಈ ಕಡೆಯಿಂದ ಹೋದವರು. ಬೆಂಗಳೂರಿನಲ್ಲಿ ಅಂಥ ಮಕ್ಕಳ ನಡುವೆ ಕೆಲಸ ಶುರುಮಾಡಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಅವರ ಜಾಡು ಹಿಡಿದು ಹಳ್ಳಿಗಳಿಗೂ ಬಂತು. ದುಡಿಯುವ ಮಕ್ಕಳದೇ ಸಂಘಟನೆ ‘ಭೀಮ ಸಂಘ’ 1990ರಲ್ಲಿ ಹುಟ್ಟಿತು. ಕಾರ್ಮಿಕ ದಿನದ ಹಿಂದಿನ ದಿನ, ಏಪ್ರಿಲ್ 30, ಅವರ ದಿನಾಚರಣೆ. ದೊಡ್ಡವರಿಗಿಂತ ಒಂದು ದಿನ ಮುಂಚೆ! ಆಮೇಲೆ 1995ರಿಂದ ಕುಂದಾಪುರ ತಾಲ್ಲೂಕಿನ ಕೆಲವು ಪಂಚಾಯ್ತಿಗಳಲ್ಲಿ ‘ಮಕ್ಕಳ ಪಂಚಾಯತ್’ಗಳು ಬಂದವು. ಕೆರಾಡಿ, ಆಲೂರು, ಬೆಳ್ವೆ ಅವುಗಳಲ್ಲಿ ಸೇರಿವೆ. ಮಕ್ಕಳೇ ಅಭ್ಯರ್ಥಿಗಳು, ಮಕ್ಕಳೇ ಮತದಾರರು, ಮತದಾನ ಗುಪ್ತ. ಮೊದಲು ನಕ್ಕವರು ಇದ್ದರಂತೆ. ಶಾಲೆಯ ಮಂತ್ರಿಮಂಡಲದಲ್ಲಿ ಬೆಲ್ ಹೊಡೆಯುವ ಮಂತ್ರಿಯಾಗಿದ್ದ ನಿನ್ನ ತಂಗಿಗೆ ನಗುವ ಅರ್ಹತೆ ಇಲ್ಲ.

1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಇದೇ ಕುಂದಾಪುರದಲ್ಲಿ ಸೇರಿದ್ದರು. ಹತ್ತು ಅಂಶಗಳ ‘ಕುಂದಾಪುರ ಘೋಷಣೆ’ ಹೊರಟದ್ದು ಆ ಸಭೆಯಿಂದ. ಮಕ್ಕಳ ದುಡಿಮೆಯ ಬಗ್ಗೆ ಬರೆಯುವ ಹೊರದೇಶದ ವಿದ್ವಾಂಸರು ಇಂದಿಗೂ ಈ ಊರಿನ ಹೆಸರು ಎತ್ತುತ್ತಾರೆ, ಉಚ್ಚಾರಣೆ ಹೇಗಿರುತ್ತದೋ ಶಿವನೇ ಬಲ್ಲ. ಅದರಲ್ಲಿನ ಎರಡು ಅಂಶ ಓದಿದರೆ ನೀನು ಸಿಟ್ಟಾಗುತ್ತೀಯ. ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸುವುದನ್ನು ನಾವು ಒಪ್ಪುವುದಿಲ್ಲ, ನಮ್ಮ ಕೆಲಸಕ್ಕೆ ಗೌರವ ಮತ್ತು ಭದ್ರತೆ ಬೇಕು ಎಂದಿದ್ದರು ಆ ಮಕ್ಕಳು.

ಜೂನ್ ಬಂತೆಂದರೆ ದಾಖಲಾತಿಗಾಗಿ ಮನೆಮನೆ ಅಲೆದು, ಕೊಬ್ಬರಿ ಸುಲಿಯುತ್ತಿದ್ದ ಹುಡುಗನನ್ನು ರಟ್ಟೆ ಹಿಡಿದು ಶಾಲೆಗೆ ಕರೆತಂದವಳು ನೀನು. “ಮಕ್ಕಳು ಕೆಲಸ ಮಾಡ್ತೀವಿ ಅಂದ್ರೆ ಹೂಂ ಅನ್ನಬೇಕೇನೆ?” ಎನ್ನುವ ನಿನ್ನ ದನಿ ಈ ಲಾಡ್ಜಿನವರೆಗೂ ಕೇಳಿಸುತ್ತಿದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾನೂನು ಕೂಡ ಬಹುಪಾಲು ನಿನ್ನ ಕಡೆಗಿದೆ. 14ರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 18ರವರೆಗೆ ಅಪಾಯದ ಕೆಲಸ ಕೊಡುವಂತಿಲ್ಲ. ಆದರೆ ಶಾಲೆ ಮುಗಿಸಿ ಮನೆಯವರಿಗೆ ನೆರವಾಗಬಹುದು ಎಂಬ ಕಿಂಡಿಯನ್ನು ಅದೇ ಕಾನೂನು ಉಳಿಸಿದೆ, ಆ ಕಿಂಡಿಯಲ್ಲಿ ಏನೇನು ನುಸುಳುತ್ತದೆ ಎಂದು ನಿನಗೆ ಗೊತ್ತು. ನಿನ್ನ ತಂಗಿಯದು ನಡುವಿನ ದಾರಿ. ಹುಡುಗ ಶಾಲೆಯಲ್ಲಿರಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಅವನನ್ನು ರಟ್ಟೆ ಹಿಡಿದು ಕರೆತಂದ ದಿನ, ಅವನ ಕೂಲಿ ನಿಂತ ಮೇಲೆ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಅವನನ್ನೇ ಕೇಳಿದೆಯಾ? ಕೇಳಿರುತ್ತೀಯ. ನೀನು ಕೇಳುವವಳು. ಎಲ್ಲರೂ ಕೇಳುವುದಿಲ್ಲ.

ಇರಲಿ. ಅವಳು ಬಂದದ್ದು ಘಟ್ಟದ ಬುಡದ ಒಂದು ಪಂಚಾಯ್ತಿಯ ಮಕ್ಕಳ ಗ್ರಾಮಸಭೆಗೆ. ಎಲ್ಲ ಗ್ರಾಮ ಪಂಚಾಯ್ತಿಗಳೂ ಇಂಥ ಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದ್ದು 2006ರಲ್ಲಿ. ಹೆಚ್ಚಿನ ಕಡೆ ಮಕ್ಕಳ ದಿನಾಚರಣೆ ಕಳೆದ ಮೇಲೆ ನಡೆಯುತ್ತದೆ. ಹಲವು ಕಡೆ ಅದು ನವೆಂಬರ್ 14ರ ಬಾಲವೇ. ಸ್ವಾಗತಗೀತೆ, ಹಾರ, ಅಧ್ಯಕ್ಷರ ಭಾಷಣ, ಬಿಸ್ಕತ್ತು, ವಂದನಾರ್ಪಣೆ, ಎಲ್ಲರೂ ಮನೆಗೆ.

ಇಲ್ಲಿನ ಮಕ್ಕಳನ್ನು ಅಣಿ ಮಾಡಿದವಳು ಇಪ್ಪತ್ತನಾಲ್ಕರ ಸ್ಥಳೀಯ ಕಾರ್ಯಕರ್ತೆ. ಸಣ್ಣವಳಿದ್ದಾಗ ತಾನೂ ಮಕ್ಕಳ ಪಂಚಾಯತ್ ಸದಸ್ಯೆ. ಅವಳು ಅಣಿ ಮಾಡಿದ ಬಗೆ ನೋಡಬೇಕಿತ್ತು, ಅಕ್ಕ. ಭಾಷಣ ಕಲಿಸಲಿಲ್ಲ. ಎರಡು ವಾರದ ಹಿಂದೆಯೇ ಶಾಲೆಯಂಗಳದಲ್ಲಿ ರಂಗೋಲಿಪುಡಿಯಿಂದ ಊರಿನ ನಕ್ಷೆ ಬಿಡಿಸಲು ಹೇಳಿ, ತಾನು ಹೋಗಿ ಹಲಸಿನ ಮರದ ಕೆಳಗೆ ಕೂತಳಂತೆ. ಹೆದರಿಕೆಯಾಗುವ ಜಾಗಕ್ಕೆ ಹುಣಸೆಬೀಜ, ಇಷ್ಟದ ಜಾಗಕ್ಕೆ ಹೂವು. ಪಂಚಾಯ್ತಿಯ ಯಾವ ಕಡತದಲ್ಲೂ ಇಲ್ಲದ ಸಂಗತಿಗಳು ಹುಣಸೆಬೀಜದಲ್ಲಿ ಎದ್ದು ಬಂದವು. ಸಂಜೆ ಕುಡಿದು ಕೂರುವವರ ಬಸ್‌ಸ್ಟ್ಯಾಂಡು, ಚಿಲಕ ಇಲ್ಲದ ಹುಡುಗಿಯರ ಶೌಚಾಲಯ. ಅತಿ ಹೆಚ್ಚು ಬೀಜ ಬಿದ್ದದ್ದು ಒಂದು ಕಾಲುಸಂಕದ ಮೇಲೆ.

ಕಾಲುಸಂಕ ನೀನು ನೋಡಿಲ್ಲ. ಬಯಲುಸೀಮೆಯ ತಿಪಟೂರಿಗೆ ಅದರ ಹಂಗಿಲ್ಲ. ಹಳ್ಳಕ್ಕೆ ಅಡ್ಡವಾಗಿ ಒಂದೆರಡು ಅಡಿಕೆ ಮರದ ಕಾಂಡ ಹಾಸಿ, ಹಿಡಿಯಲು ಬಿದಿರೋ ಹಗ್ಗವೋ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಮರ ಪಾಚಿಗಟ್ಟುತ್ತದೆ, ಕೆಳಗೆ ಕೆಂಪುನೀರು. 2022ರ ಮಳೆಗಾಲದಲ್ಲಿ ಇಲ್ಲೇ ಪಕ್ಕದ ಬೈಂದೂರು ಕಡೆ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಗುವೊಂದು ಕಾಲುಸಂಕದಿಂದ ಜಾರಿ ಕೊಚ್ಚಿಹೋಗಿ ಪ್ರಾಣ ಬಿಟ್ಟಿತು. ಆ ವಿಷಯ ಬಂದರೆ ಈ ಕಡೆಯ ತಾಯಂದಿರು ಈಗಲೂ ಮಾತು ನಿಲ್ಲಿಸುತ್ತಾರೆ.

ತೊಡಕು ಏನೆಂದರೆ ಸಭೆ ನಡೆಯುವುದು ಚಳಿಗಾಲದಲ್ಲಿ. ಆಗ ಹಳ್ಳ ಸಣಕಲು, ದನ ಕೂಡ ದಾಟುತ್ತದೆ. ನೋಡಲು ಬಂದ ಯಾರಿಗೂ ಅಲ್ಲಿ ಅಪಾಯ ಕಾಣುವುದಿಲ್ಲ. ಇದನ್ನು ಮಕ್ಕಳು ಜುಲೈನಲ್ಲೇ ಯೋಚಿಸಿದ್ದರು! ನೀರು ಏರಿದ ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಜಡೆಯ ಕೆಂಪು ರಿಬ್ಬನ್ ಬಿಚ್ಚಿ, ದಡದ ಮರಕ್ಕೆ ನೀರಿನ ಮಟ್ಟದಲ್ಲಿ ಕಟ್ಟಿಟ್ಟಿದ್ದಳು. ಸಭೆಗೆ ಮುಂಚೆ ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಮಕ್ಕಳು ಅಲ್ಲಿಗೆ ಕರೆದೊಯ್ದರು. ಒಣಗಿದ ಕಲ್ಲಿನ ಮೇಲೆ ನಿಂತ ಅಧ್ಯಕ್ಷರ ಎದೆಯ ಮಟ್ಟಕ್ಕೆ ಬರುತ್ತಿತ್ತು ರಿಬ್ಬನ್. ಬಿಸಿಲಿಗೆ ಬಣ್ಣ ಹೋಗಿ ಗುಲಾಬಿಯಾಗಿತ್ತು. ಅವರು ಒಂದು ನಿಮಿಷ ಏನೂ ಆಡಲಿಲ್ಲ. ಅಂಥ ಕಡೆ ಬಾಯಿ ಹಾಕುವ ನಿನ್ನ ತಂಗಿಯ ಕೈಯನ್ನು ಆ ಕಾರ್ಯಕರ್ತೆ ಮೆಲ್ಲಗೆ ಚಿವುಟಿದಳು.

ಚಿವುಟಿದ್ದು ಸರಿ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿನ್ನ ತಂಗಿ ಮಾಡಿದ ಘನಕಾರ್ಯ ನಿನಗೆ ಹೇಳಿಲ್ಲ. ಬೆಂಗಳೂರಿನ ಒಂದು ಸಮಾರಂಭದಲ್ಲಿ ಬಾಲ್ಯವಿವಾಹದ ಬಗ್ಗೆ ಹದಿನಾಲ್ಕು ವರ್ಷದ ಹುಡುಗಿ ಮಾತಾಡಬೇಕಿತ್ತು. ಹುಡುಗಿಯ ಮಾತು ತಡವರಿಸುತ್ತದೆ ಎಂದು ರಾತ್ರಿ ಕೂತು ಭಾಷಣ ಬರೆದುಕೊಟ್ಟವಳು ನಿನ್ನ ತಂಗಿ. ಬಾಯಿಪಾಠವಾಯಿತು, ಚಪ್ಪಾಳೆ ಬಿತ್ತು, ದೊಡ್ಡವರೊಬ್ಬರು ಕಣ್ಣೊರೆಸಿಕೊಂಡರು. ವಾಪಸ್ ಹೋಗುವಾಗ ವ್ಯಾನಿನಲ್ಲಿ ಹುಡುಗಿ ಕೇಳಿದಳು: “ಅಕ್ಕಾ, ‘ಕನಸುಗಳ ರೆಕ್ಕೆ’ ಅಂದಿರಲ್ಲ, ಹಂಗಂದ್ರೇನು?” ಆಮೇಲೆ ಅವಳೇ ತನ್ನ ಅಕ್ಕನ ಮದುವೆಯ ಕತೆ ಹೇಳಿದಳು, ತಡವರಿಸುತ್ತಲೇ. ಅದರ ಒಂದು ತುಣುಕೂ ವೇದಿಕೆಗೆ ಬಂದಿರಲಿಲ್ಲ.

ಇಂಥದ್ದಕ್ಕೇ 1992ರಲ್ಲಿ ರೋಜರ್ ಹಾರ್ಟ್ ಎಂಬುವರು ಯುನಿಸೆಫ್‌ಗಾಗಿ ಒಂದು ಏಣಿಯ ಚಿತ್ರ ಬರೆದಿದ್ದಾರೆ, ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲು. ಕೆಳಗಿನ ಮೂರು ಪಾಲ್ಗೊಳ್ಳುವಿಕೆಯೇ ಅಲ್ಲ ಎನ್ನುತ್ತಾರೆ. ಮಕ್ಕಳನ್ನು ಕೈಗೊಂಬೆ ಮಾಡುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಕೂರಿಸುವುದು. ನಿನ್ನ ತಂಗಿ ಚಪ್ಪಾಳೆ ಗಿಟ್ಟಿಸಿದ್ದು ಅತಿ ಕೆಳಗಿನ ಮೆಟ್ಟಿಲಲ್ಲಿ ನಿಂತು.

ಈಗ ಸಭೆಗೆ ಬಾ. ಇಲ್ಲಿ ನಿನಗೆ ಇಷ್ಟವಾಗುವ ವ್ಯಾಕರಣ ಇದೆ.

ಮಕ್ಕಳು ಹೋದ ವರ್ಷದ ನಡಾವಳಿಯ ಪ್ರತಿ ಕೇಳಿ ಪಡೆದಿದ್ದರು. ಅದರಲ್ಲಿ ಶೌಚಾಲಯದ ಚಿಲಕ: ‘ಕ್ರಮ ಕೈಗೊಳ್ಳಲಾಗುವುದು.’ ಬಸ್ಸಿನ ಸಮಯ: ‘ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು.’ ಕಾಲುಸಂಕ: ‘ಪರಿಶೀಲಿಸಲಾಗುವುದು.’ ರಿಬ್ಬನ್ ಕಟ್ಟಿದ ಹುಡುಗಿ ಮೈಕಿನ ಮುಂದೆ ನಿಂತು ಮೂರನ್ನೂ ಓದಿ, “ಇದ್ರಲ್ಲಿ ಕರ್ತೃ ಇಲ್ಲ ಸಾರ್. ಕರ್ತೃ ಯಾರು?” ಎಂದಳು.

ಸಭೆ ನಕ್ಕಿತು. ಅವಳು ನಗಲಿಲ್ಲ. ಕರ್ಮಣಿ ಪ್ರಯೋಗದ ಪಾಠ ಹೋದ ತಿಂಗಳಷ್ಟೇ ಆಗಿತ್ತಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಕನ್ನಡ ಮೇಷ್ಟ್ರು ಮುಖವನ್ನು ಎಲ್ಲಿಡಬೇಕೆಂದು ತೋಚದೆ ಕನ್ನಡಕ ಒರೆಸಿದರು. ನಿನ್ನ ತಂಗಿಗೆ ನೀನು ನೆನಪಾದೆ.

ಪಿಡಿಒ ಮೇಡಂ ಒಳ್ಳೆಯವರು, ದಣಿದವರು. ಚಿಲಕದ ವಿಷಯ ನಾಳೆಯೇ ಎಂದರು. ಬಸ್ಸು ತಮ್ಮ ಕೈಯಲ್ಲಿಲ್ಲ, ಕೆಎಸ್‌ಆರ್‌ಟಿಸಿ ಡಿಪೊಗೆ ಪತ್ರ ಬರೆಯಬಹುದು ಎಂದರು. ಸಂಕದ ಜಾಗಕ್ಕೆ ಕಾಂಕ್ರೀಟು ಹಾಕಬೇಕಾದರೆ ಎಂಜಿನಿಯರ್ ಬಂದು ಅಳೆಯಬೇಕು, ಅಂದಾಜು ಪಟ್ಟಿ ಆಗಬೇಕು, ಉದ್ಯೋಗ ಖಾತ್ರಿಯಲ್ಲಿ ಆಗುತ್ತದೋ ಮೇಲಿನಿಂದ ಅನುದಾನ ಬೇಕೋ ನೋಡಬೇಕು ಎಂದು ಬಿಡಿಸಿ ಹೇಳಿದರು. ಮಕ್ಕಳು ಬರೆದುಕೊಂಡರು. “ಅಳೆಯೋಕೆ ಎಂಜಿನಿಯರ್ ಯಾವತ್ತು ಬರ್ತಾರೆ?” ಎಂದು ಒಬ್ಬ ಹುಡುಗ. “ಅವರನ್ನ ಕರೆಸೋದು ಯಾರು?” ಎಂದು ಇನ್ನೊಬ್ಬಳು. ಅಧ್ಯಕ್ಷರು ಪಿಡಿಒ ಮುಖ ನೋಡಿದರು, ಪಿಡಿಒ ಅಧ್ಯಕ್ಷರ ಮುಖ ನೋಡಿದರು. ಹಿಂದಿನ ಬೆಂಚಿನಿಂದ ಒಬ್ಬ ಪೋಕರಿ, “ಹ್ವಾಯ್, ಬೇಗ ಹೇಳಿ ಮಾರ್ರೆ” ಎಂದು ಬೈಸಿಕೊಂಡ.

ಕೊನೆಗೆ ಅಧ್ಯಕ್ಷರು ಪೆನ್ನು ಇಸಿದುಕೊಂಡು ನಡಾವಳಿಯಲ್ಲಿ ತಾವೇ ಬರೆದರು: ‘ಎಂಜಿನಿಯರರನ್ನು ನಾನು ಕರೆಸುತ್ತೇನೆ. ಜನವರಿ 13ರೊಳಗೆ.’ (ಅಕ್ಕಾ, ಇದು ಅವರ ‘ನಾನು’, ಎಣಿಸಬೇಡ.)

ಸಂಕ ಆಗಿಹೋಯಿತು ಎಂದುಕೊಳ್ಳಬೇಡ. ಅನುಪಾಲನಾ ವರದಿಗೆ ಕಾದು ಕಾದು ಶಾಲೆಯನ್ನೇ ಮುಗಿಸಿ ಪಿಯುಸಿ ಸೇರಿದ ಮಕ್ಕಳನ್ನು ನಿನ್ನ ತಂಗಿ ನೋಡಿದ್ದಾಳೆ. ಓಟಿಲ್ಲದವರ ಬೇಡಿಕೆಗೆ ಚುನಾವಣೆಯ ಹೆದರಿಕೆ ಇಲ್ಲ. ಅದಕ್ಕೇ ಅವಳ ಕೆಲಸದಲ್ಲಿ ಸಭೆ ಒಂದು ದಿನ, ಉಳಿದ ದಿನವೆಲ್ಲ ಬೆನ್ನು ಹತ್ತುವುದು: ಫೋನು, ಪತ್ರ, ಸ್ವೀಕೃತಿ ಮುದ್ರೆ, ಮತ್ತೆ ಫೋನು. ಅಮ್ಮನಿಗೆ ವಕಾಲತ್ತು ಎಂದದ್ದು ಪೂರ್ತಿ ಸುಳ್ಳೂ ಅಲ್ಲ, ಕಕ್ಷಿದಾರರು ಫೀಸು ಕೊಡುವುದಿಲ್ಲ ಅಷ್ಟೆ. ಇವತ್ತಿನ ಕಕ್ಷಿದಾರರು ಕೊಟ್ಟದ್ದು ಎರಡು ಪೇರಳೆಕಾಯಿ, ಒಂದಕ್ಕೆ ಹುಳ ಹತ್ತಿತ್ತು.

ಹೊರಡುವಾಗ ಆ ರಿಬ್ಬನ್ ಹುಡುಗಿ ನಡಾವಳಿಯ ಪ್ರತಿಯನ್ನು ಮುಂದೆ ಹಿಡಿದು, “ಅಕ್ಕಾ, 13ಕ್ಕೆ ನೀವು ಬಪ್ಪುದಾ?” ಎಂದಳು. ಪ್ರಯತ್ನಿಸಲಾಗುವುದು ಎನ್ನುವ ಮಾತು ನಿನ್ನ ತಂಗಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ಬರುತ್ತೇನೆ ಎಂದಳು. ಹುಡುಗಿ ಅದನ್ನೂ ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡಳು.

ಆದ್ದರಿಂದ ಅವಳು 13ರ ಸಂಜೆ ಇಲ್ಲಿಂದ ರೈಲು ಹತ್ತಿದರೂ ಬೆಂಗಳೂರು ಮುಟ್ಟಿ, ಅಲ್ಲಿಂದ ತಿಪಟೂರಿಗೆ ಬರುವಷ್ಟರಲ್ಲಿ ಸಂಕ್ರಾಂತಿಯ ಪೂಜೆ ಮುಗಿದಿರುತ್ತದೆ. ಅಮ್ಮನಿಗೆ ನೀನೇ ಹೇಳು, ಫೋನಿನಲ್ಲಿ ಹೇಳುವ ಧೈರ್ಯ ಅವಳಿಗಿಲ್ಲ. ಎಳ್ಳುಬೆಲ್ಲ ಡಬ್ಬಿಯಲ್ಲಿ ಎತ್ತಿಡು. ದೊಡ್ಡಮ್ಮ ಹುಡುಗನ ಊರು ಕೇಳಿದರೆ ಕುಂದಾಪುರ ಎಂದುಬಿಡು, ಸ್ವಲ್ಪ ದಿನ ಸುಮ್ಮನಿರುತ್ತಾರೆ.

ಇತಿ,
ನಿನ್ನ ತಂಗಿ