ಕೇಳಲು ಅಂಜಬೇಡಿ, ಸೋದರಿ!

ನೆರೆಮನೆಯವಳು ಬಂದು, "ಅಕ್ಕಾ, ನನ್ನ ಗಂಗೆಯನ್ನು ಇನ್ನು ನೀವೇ ಸಾಕಿಕೊಳ್ಳಿ" ಎಂದರೆ ನೀವೇನು ಹೇಳುವಿರಿ? ನಾನಂತೂ, "ಯಾಕೆ ಮಾರಾಯ್ತಿ, ಹುಲ್ಲು ಕೊಯ್ಯಲು ಬೇಸರವಾ?" ಎಂದು ನಕ್ಕುಬಿಟ್ಟೆ.

ನಮ್ಮ ಮನೆ ಇರುವುದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ. ಆಕೆ ಬೆಳ್ತಂಗಡಿ ಕಡೆಯ ಹುಡುಗಿ, ನಮ್ಮೂರಿಗೆ ಸೊಸೆಯಾಗಿ ಬಂದವಳು. ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತ ಊರ ಸುದ್ದಿಯನ್ನೆಲ್ಲ ಹೇಳುವವಳು. ಆಟಿ ತಿಂಗಳು ಹಿಡಿದ ಮೇಲೆ ಬರುವುದೇ ನಿಂತಿತ್ತು. ಮಳೆಯ ದೆಸೆಯಿಂದ ಎಂದುಕೊಂಡಿದ್ದೆ. ನಿದ್ದೆಯಿಲ್ಲ, ಗಂಜಿಯೂ ಸೇರುವುದಿಲ್ಲ ಎಂದು ಅವಳ ಅತ್ತೆ ಹೇಳಿದ್ದರು. ಮೂರು ಕಡೆ ಸಾಲವಿತ್ತು, ವಾರದ ಕಂತು ತಪ್ಪಿತ್ತು.

ಆ ರಾತ್ರಿ ಪಾತ್ರೆ ತೊಳೆಯುವಾಗ ಅವಳ ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಕರುವಿನಿಂದ ಸಾಕಿದ ದನವನ್ನು ಯಾರಾದರೂ ಸುಮ್ಮನೆ ಕೊಟ್ಟುಬಿಡುತ್ತಾರೆಯೇ? ಟಾರ್ಚು ಹಿಡಿದು ಓಡಿದೆ. ಹಟ್ಟಿಯ ಹತ್ತಿರ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ: "ನಿನಗೆ ಸಾಯುವ ಆಲೋಚನೆ ಏನಾದರೂ ಉಂಟಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಉಂಟು ಅಕ್ಕಾ" ಎಂದು ಬಿಕ್ಕಿದಳು.

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂದು ನೀವು ಹೆದರಬಹುದು. ಅದು ತಪ್ಪು ತಿಳಿವಳಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೇಳಿದಾಗ ಅವರ ಎದೆಯ ಭಾರ ಇಳಿಯುತ್ತದೆ.

ನಾನು ಬುದ್ಧಿ ಹೇಳಲಿಲ್ಲ. "ಮಕ್ಕಳ ಮುಖ ನೋಡು" ಎಂದೂ ಅನ್ನಲಿಲ್ಲ. ಮಕ್ಕಳ ಮುಖ ನೋಡಿ ನೋಡಿಯೇ ಅವಳು ಸೋತಿದ್ದಳಲ್ಲ! ಸುಮ್ಮನೆ ಕೇಳುತ್ತ ಕೂತೆ. ಆಮೇಲೆ ಅವಳನ್ನು ಒಪ್ಪಿಸಿ ಮನೆಯವರಿಗೆ ತಿಳಿಸಿದೆವು. ತೋಟದ ಔಷಧಿ ಮೊದಲಾದ ಅಪಾಯದ ವಸ್ತುಗಳನ್ನೆಲ್ಲ ಅವಳ ಗಂಡ ಆಗಲೇ ಮನೆಯಿಂದ ಸಾಗಿಸಿದರು. ಅವಳೊಬ್ಬಳನ್ನೇ ಬಿಡದೆ ರಾತ್ರಿಯಿಡೀ ಜೊತೆಗಿದ್ದೆವು.

ಅದೇ ರಾತ್ರಿ 14416ಕ್ಕೆ ಫೋನು ಮಾಡಿದೆವು. ಅದು ಟೆಲಿ ಮನಸ್, 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಳಿಗ್ಗೆ ಆಶಾ ಕಾರ್ಯಕರ್ತೆಯೇ ನಮ್ಮ ಜೊತೆ ಸರ್ಕಾರಿ ಆಸ್ಪತ್ರೆಗೆ ಬಂದರು. ಮನಸ್ಸಿನ ಕಾಯಿಲೆಗೂ ಜ್ವರದಂತೆಯೇ ಔಷಧಿ ಉಂಟು ಎಂದು ಡಾಕ್ಟರು ಹೇಳಿದಾಗ ಅವಳ ಅತ್ತೆಗೂ ಧೈರ್ಯ ಬಂತು.

ಪೊಲೀಸ್ ಕೇಸಾದೀತೆಂದು ಇಂಥದನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಡಬೇಡಿ. ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ಒದಗಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಸಾಲದ ವಿಷಯಕ್ಕೂ ಕಂಗೆಡಬೇಡಿ. ಬೆದರಿಸಿ, ಅವಮಾನಿಸಿ ಕಿರುಸಾಲ ವಸೂಲಿ ಮಾಡುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ.

ಗಂಗೆ ಅವಳ ಹಟ್ಟಿಯಲ್ಲೇ ಉಳಿದಳು. ದೀಪಾವಳಿಯ ಹೊತ್ತಿಗೆ ಕರು ಹಾಕಿದಾಗ ಗಿಣ್ಣು ಹಾಲು ತಂದುಕೊಟ್ಟು, "ನನ್ನ ಕಥೆ ಬರೆಯಿರಿ ಅಕ್ಕಾ, ಹೆಸರು ಮಾತ್ರ ಬೇಡ" ಎಂದಳು. ಮಾತ್ರೆ ಇನ್ನೂ ನಡೆದಿದೆ. ಕೆಲವು ದಿನ ಮಂಕಾಗಿರುತ್ತಾಳೆ. ಆಗ ನಾನು ಮತ್ತೆ ಹೋಗಿ ಪಕ್ಕದಲ್ಲಿ ಕೂತು ಕೇಳುತ್ತೇನೆ.

ನಿಮ್ಮ ನೆರೆಮನೆಯಲ್ಲೂ ಯಾರಾದರೂ ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆಯೇ? ಇಂದು ಸಂಜೆಯೇ ಒಮ್ಮೆ ಹೋಗಿಬನ್ನಿ, ಸೋದರಿ.