ಕಾಫಿ ಹೋಟೆಲಿನಲ್ಲಿ ವ್ಯಾಸಂಗ

ವ್ಯಾಸಂಗಕ್ಕೆ ನಿಶ್ಶಬ್ದವಾದ ಸ್ಥಳವೇ ಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅನಧ್ಯಾಯದ ನಿಯಮಗಳನ್ನು ಹೇಳುವಾಗ ಮನುಸ್ಮೃತಿಯು ನಾಯಿ, ಕತ್ತೆ, ಒಂಟೆಗಳು ಕೂಗುತ್ತಿರುವ ಹೊತ್ತನ್ನೂ ಬಿಟ್ಟಿಲ್ಲ. ಆದರೆ ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಇದ್ದುದು ಒಂದೇ ಹಜಾರ. ಮೂಲೆಯೊಂದರಲ್ಲಿ ಅಮರಕೋಶ, ಮತ್ತೊಂದರಲ್ಲಿ ರಘುವಂಶ, ನಡುವೆ ಚಿಕ್ಕವರ ಶಬ್ದರೂಪಗಳು, ಎಲ್ಲವೂ ಗಟ್ಟಿಯಾಗಿಯೇ. ಆ ಗದ್ದಲದಲ್ಲಿ ಯಾರಿಗೂ ತಮ್ಮ ಪಂಕ್ತಿಯು ತಪ್ಪುತ್ತಿರಲಿಲ್ಲ. ಗುರುಗಳು ಒಬ್ಬನ ಹೆಸರು ಹಿಡಿದು ಮೆಲ್ಲನೆ ಕರೆದರೆ ಮಾತ್ರ ಆ ಹುಡುಗನ ಬಾಯಿಪಾಠವೆಲ್ಲ ಚೆದರಿಹೋಗುತ್ತಿತ್ತು. ಓದನ್ನು ಕೆಡಿಸುವುದು ಸದ್ದಿಗಿಂತ ಹೆಚ್ಚಾಗಿ ಕರೆಯೇ ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಮೂಲವು.

ಈ ವಿಚಾರವು ಈಚೆಗೆ ನಮ್ಮ ಮನೆಯಲ್ಲಿಯೇ ಚರ್ಚೆಗೆ ಬಂದಿತು. ನಿವೃತ್ತನಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ನಾನು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಎರಡು ಕೋಣೆಯ ಮನೆ, ನನ್ನನ್ನೂ ಸೇರಿಸಿ ಐವರು. ಮೊಮ್ಮಗಳು ಲೆಕ್ಕಪರಿಶೋಧಕರ ಪರೀಕ್ಷೆಗೆ ಓದುತ್ತಿದ್ದಾಳೆ. ಒಮ್ಮೆ ಕುಳಿತು ನಪಾಸಾದ ಪರೀಕ್ಷೆ ಅದು. ಗಳಿಗೆಗೊಮ್ಮೆ ಯಾರಾದರೂ ಆಕೆಯನ್ನು ಕರೆಯುವರು. ಹಾಲು ಉಕ್ಕಿತೆಂದೋ, ತಮ್ಮನಿಗೆ ಲೆಕ್ಕ ತಿಳಿಯಲಿಲ್ಲವೆಂದೋ. "ತಾತ, ನಾನು ಕಾಫಿ ಅಂಗಡಿಯಲ್ಲಿ ಕೂತು ಓದುತ್ತೇನೆ, ಅಮ್ಮನಿಗೆ ನೀವೇ ಹೇಳಿ" ಎಂದು ಆಕೆ ನನ್ನನ್ನು ಕೇಳಿಕೊಂಡಳು. ಮಗಳು ಒಪ್ಪಲಿಲ್ಲ. "ಹುಡುಗಿ ಒಬ್ಬಳೇ ಮೂರು ಗಂಟೆ ಹೋಟೆಲಿನಲ್ಲಿ ಕೂತಿದ್ದರೆ ನೋಡಿದವರು ಏನಂದಾರು? ಅಪ್ಪಾ, ನೀವೇ ಒಂದು ಸಲ ನೋಡಿ ಬನ್ನಿ" ಎಂದಳು. ಈ ಪ್ರಕಾರ ಪರೀಕ್ಷಕನ ಅಧಿಕಾರವು ನನಗೆ ಮತ್ತೊಮ್ಮೆ ಪ್ರಾಪ್ತವಾಯಿತು.

ಹೆಸರಿನಿಂದಲೇ ಆಕರ್ಷಿತನಾಗಿ ಮೊದಲು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದೆನು. 1943ರಲ್ಲಿ ಆರಂಭವಾದ ಈ ಹೋಟೆಲು ಆಸುಪಾಸಿನ ವಿದ್ಯಾರ್ಥಿಗಳಿಂದಲೇ ಆ ಹೆಸರನ್ನು ಪಡೆಯಿತು. ದೋಸೆಯ ವಿಷಯದಲ್ಲಿ ನನ್ನ ಪ್ರಶಂಸೆಯ ಅಗತ್ಯವಿಲ್ಲ. ತೋಳಿನ ಮೇಲೆ ತಟ್ಟೆಗಳನ್ನು ಗೋಪುರದಂತೆ ಜೋಡಿಸಿಕೊಂಡು ಬರುವ ಮಾಣಿಯನ್ನು ನೋಡುವುದೇ ಒಂದು ವಿನೋದ. ಆದರೆ ಬಾಗಿಲಲ್ಲಿ ಜನರು ಕಾದು ನಿಂತಿರುವಾಗ ತಿಂದಾದ ಮೇಲೂ ಪುಸ್ತಕ ತೆರೆದು ಕೂರಲು ಯಾರಿಗೆ ಮನಸ್ಸು ಬಂದೀತು? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಂತೂ ನಿಂತೇ ತಿನ್ನಬೇಕು. ಇಡ್ಲಿ, ಚಟ್ನಿ, ಕಾಫಿ, ಸಾಂಬಾರೇ ಇಲ್ಲ. ಹತ್ತು ನಿಮಿಷದ ಸುಖಕ್ಕೆ ಅದಕ್ಕಿಂತ ಉತ್ತಮ ಸ್ಥಳವನ್ನು ನಾನು ಕಾಣೆ. ಇನ್ನೊಂದು ಕಡೆ (ಹೆಸರು ಬೇಡ) ಲೋಟದಲ್ಲಿ ಅರ್ಧ ಕಾಫಿಯಿರುವಾಗಲೇ ಬಿಲ್ಲನ್ನು ತಂದು ಲೋಟಕ್ಕೆ ಆನಿಸಿಟ್ಟರು.

ಬಳಿಕ ಮೊಮ್ಮಗಳೇ ನನ್ನನ್ನು ಹೊಸ ಬಗೆಯ, ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು. ಇಂತಹ ಅಂಗಡಿಗಳಿಗೆ ನಮ್ಮ ನಾಡಿನಲ್ಲಿ ದಾರಿ ತೋರಿದುದು ಚಿಕ್ಕಮಗಳೂರಿನ ತೋಟದ ಮನೆತನದ ವಿ. ಜಿ. ಸಿದ್ಧಾರ್ಥರು 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇ. ನಾವು ಹೋದಲ್ಲಿ ತಂಪು ಗಾಳಿ, ಮೆತ್ತನೆಯ ಕುರ್ಚಿ, ಕಂಪ್ಯೂಟರಿಗೆ ವಿದ್ಯುತ್ತು ಎಲ್ಲವೂ ಇದ್ದುವು. ಯಾರೂ ಯಾರನ್ನೂ ಏಳೆನ್ನಲಿಲ್ಲ. ಆದರೆ ಒಂದು ಲೋಟ ಕಾಫಿಯ ಬೆಲೆಗೆ ನಮ್ಮೂರಿನಲ್ಲಿ ನಾಲ್ವರು ತಿಂಡಿ ತಿನ್ನಬಹುದು. ಅದರಲ್ಲಿ ಕುರ್ಚಿಯ ಬಾಡಿಗೆಯೇ ಹೆಚ್ಚಿನ ಪಾಲೆಂದು ತೋರುತ್ತದೆ. ವಾರಕ್ಕೆ ಮೂರು ದಿನ ಅದನ್ನು ತೆರುವುದು ನಮ್ಮ ಮನೆಯ ಶಕ್ತಿಗೆ ಮೀರಿದುದು. ಮೇಲಾಗಿ ಅಲ್ಲಿ ಎಡೆಬಿಡದೆ ಹಾಡು. ಜನರ ಗುಜುಗುಜುವಿನ ನಡುವೆ ಓದಬಹುದು, ಆದರೆ ಹಾಡಿನ ಮಾತುಗಳು ಕಿವಿಗೆ ಸ್ಪಷ್ಟವಾಗಿ ಬಿದ್ದರೆ ಕಣ್ಣಿನ ಮುಂದಿನ ಮಾತುಗಳು ನಿಲ್ಲವು.

ಕಡೆಗೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೆ ಹೋದೆನು. ಇದರ ಕಥೆಯು ತಿಳಿದಿರತಕ್ಕದ್ದು. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡ ನೌಕರರು, ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ, 1957ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಹಳೆಯ ಕಾಫಿ ಹೌಸು 2009ರಲ್ಲಿ ಮುಚ್ಚಿ ಇಲ್ಲಿಗೆ ಬಂದಿತು. ಮೊಟ್ಟೆಯ ವಾಸನೆ ನನ್ನಂಥವನಿಗೆ ಸ್ವಲ್ಪ ತೊಡಕೇ. ಮೂಗು ಅರ್ಧ ಗಂಟೆಯಲ್ಲಿ ರಾಜಿಯಾಯಿತು. ಮಲ್ಲಿನಾಥನ ವ್ಯಾಖ್ಯಾನದೊಡನೆ ಮೇಘದೂತವನ್ನು ತೆರೆದು, ಒಂದೇ ಕಾಫಿಗೆ ಎರಡು ಗಂಟೆ ಕುಳಿತೆನು. ಪೇಟ ಧರಿಸಿ ಅಗಲವಾದ ಪಟ್ಟಿಯನ್ನು ಕಟ್ಟಿದ್ದ ಪರಿಚಾರಕನು ಒಮ್ಮೆ ಬಂದು ಖಾಲಿ ಬಟ್ಟಲನ್ನು ಒಯ್ದು ಒಂದು ಲೋಟ ನೀರಿಟ್ಟು ಹೋದನು. ಬೇರೇನು ಬೇಕೆಂದೂ ಕೇಳಲಿಲ್ಲ. ಪಕ್ಕದ ಮೇಜಿನಲ್ಲಿ ಇಬ್ಬರು ವೃದ್ಧರು ಚುನಾವಣೆಯ ವಿಷಯವಾಗಿ ಜಗಳವಾಡುತ್ತಿದ್ದರು. ಗೋಡೆಯ ಬದಿಯಲ್ಲಿ ತರುಣಿಯೊಬ್ಬಳು ಒಂಟಿಯಾಗಿ ಕುಳಿತು ಬರೆಯುತ್ತಿದ್ದಳು. ಆಕೆಯ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಈ ಕಡೆಯ ಮಾತನ್ನೇ ಮಗಳಿಗೆ ಮೊದಲು ಹೇಳಿದೆನು. ನಮ್ಮ ಹಿರಿಯರ ಕಾಲದಲ್ಲಿ ಸದ್ಗೃಹಸ್ಥರು ಹೋಟೆಲಿಗೆ ಹೋಗುವುದೇ ಅಪವಾದವಾಗಿತ್ತು. ಎಷ್ಟೋ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿ. ಆ ಹಲಗೆಗಳು ಹೋದ ಮೇಲೂ ಹೆಂಗಸರಿಗೆ ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮು' ಬಹುಕಾಲ ಉಳಿಯಿತು. ಮಗಳನ್ನು ಚಿಕ್ಕವಳಿದ್ದಾಗ ನಾನೇ ಅಂತಹ ಪರದೆಯ ಹಿಂದೆ ಕೂರಿಸಿ ಉದ್ದಿನವಡೆ ಕೊಡಿಸಿದ್ದುಂಟು. ಅದನ್ನು ನೆನಪಿಸಿದಾಗ ಆಕೆ ನಕ್ಕಳೇ ಹೊರತು ಒಪ್ಪಿಗೆ ಕೊಡಲಿಲ್ಲ. ಎರಡು ದಿನ ಬಿಟ್ಟು, ವಾರಕ್ಕೆ ಮೂರು ಮಧ್ಯಾಹ್ನ, ದೀಪ ಹಚ್ಚುವುದರೊಳಗೆ ಹಿಂತಿರುಗಬೇಕು, ಮೊದಲ ವಾರ ತಾತನೂ ಜೊತೆಗಿರಬೇಕು ಎಂದು ತೀರ್ಪಾಯಿತು.

ಮೊದಲ ವಾರ ಒಂದೇ ಮೇಜಿನಲ್ಲಿ ಕುಳಿತೆವು. ಮೂರನೆಯ ದಿನ ಮೊಮ್ಮಗಳು ಪುಸ್ತಕದಿಂದ ಕಣ್ಣೆತ್ತದೆ, "ತಾತ, ಎಲ್ಲಿಗೆ ಬಂತು ಓದು ಅಂತ ನೀವು ನಾಲ್ಕು ಸಲ ಕೇಳಿದಿರಿ. ಆ ಕಡೆಯ ಮೇಜಿಗೆ ಹೋಗುತ್ತೀರಾ?" ಎಂದಳು. ಮೇಘದೂತವನ್ನೂ ಕನ್ನಡಕವನ್ನೂ ಎತ್ತಿಕೊಂಡು ಹೋದೆನು. ಪರೀಕ್ಷೆಗೆ ಇನ್ನು ಏಳು ವಾರಗಳಿವೆ.