ವಿದ್ಯಾಗಿರಿಯ ಏರು

ಬಾಗಲಕೋಟೆಯ ಹಳೆಯ ಊರು ಘಟಪ್ರಭೆಯ ದಂಡೆಯ ಮೇಲಿರುವದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಾದ ಬಳಿಕ ಅದರ ಹಿನ್ನೀರು ಘಟಪ್ರಭೆಯನ್ನು ಹಿಡಿದು ಮೇಲೇರಿ ಬಂದು ಊರಿನ ಎಷ್ಟೋ ಓಣಿಗಳನ್ನು ನುಂಗಿತು. ಮನೆಮಾರು ಬಿಟ್ಟವರಿಗಾಗಿ ಎತ್ತರದ ನೆಲದಲ್ಲಿ ನವನಗರವೆಂಬ ಹೊಸ ಊರು ಎದ್ದಿತು. ಈ ಎರಡು ಊರುಗಳ ನಡುವೆ ಇರುವ ಬಡಾವಣೆಯೇ ವಿದ್ಯಾಗಿರಿ. ೧೯೦೬ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ ಕಾಲೇಜು ೧೯೬೩ರಿಂದ ಇಲ್ಲಿ ನಡೆದುಬಂದಿದೆ. ಅದೇ ಸಂಘದ ವೈದ್ಯಕೀಯ ಕಾಲೇಜು ೨೦೦೨ರಿಂದ ನವನಗರದಲ್ಲಿರುವದು.

ಹೆಸರಿನಲ್ಲಿ ಗಿರಿಯಿದ್ದರೂ ನಾವು ಕಾವ್ಯಗಳಲ್ಲಿ ಓದಿದ ಗಿರಿಗಳಂತೆ ಇಲ್ಲಿ ಶಿಖರವಿಲ್ಲ, ನಿರ್ಝರವಿಲ್ಲ. ವಾಹನದಲ್ಲಿ ಬರುವವನಿಗೆ ಇದು ಸಮನೆಲವೆಂದೇ ತೋರುವದು. ಕಾಲ್ನಡಿಗೆಯಿಂದ ಬರುವವನಿಗೆ ಮಾತ್ರ ಇಲ್ಲಿಯ ಏರು-ಇಳಿವುಗಳು ತಿಳಿಯುವವು. ಕಾಲು ನೊಂದವನಿಗಂತೂ ಒಂದೊಂದು ಅಂಗುಲದ ಏರೂ ಲೆಕ್ಕಕ್ಕೆ ಬರುವದು. ಈ ಮಾತನ್ನು ನಾವು ಕಳೆದ ವರ್ಷ ಮೂರು ತಿಂಗಳ ಕಾಲ ಕಣ್ಣಾರೆ ಕಂಡೆವು. ವಾಚಕರ ಮನೆಗಳಲ್ಲಿಯೂ ಇಂಥ ಪ್ರಸಂಗ ಒದಗಬಹುದಾದ್ದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ತಮ್ಮನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲಿಯ ಕಾಲೇಜಿನಲ್ಲಿ ಓದುತ್ತಿರುವಳು. ಅವಳಿಗೆ ದೂರದ ಓಟದ ಹವ್ಯಾಸ. ನೆರೆಯ ಜಿಲ್ಲೆಯಲ್ಲಿ ನಡೆಯಲಿದ್ದ ಅರ್ಧ ಮ್ಯಾರಥಾನಿಗೆ, ಎಂದರೆ ೨೧ ಕಿಲೋಮೀಟರಿಗಿಂತ ತುಸು ಹೆಚ್ಚಿನ ಓಟಕ್ಕೆ, ಅವಳು ಆರು ತಿಂಗಳಿಂದ ಸಿದ್ಧಳಾಗುತ್ತಿದ್ದಳು. ಹೀಗಿರಲು, ಓಟಕ್ಕೆ ಇನ್ನು ಒಂಬತ್ತು ವಾರಗಳಿರುವಾಗ ಒಂದು ಮುಂಜಾನೆ ಕುಂಟುತ್ತ ಮನೆಗೆ ಬಂದು, "ದೊಡ್ಡಪ್ಪಾ, ಹಿಂದಿಂದ ಯಾರೋ ಕಲ್ಲು ಒಗದ್ಹಾಂಗಾತ್ರಿ. ಹೊಳ್ಳಿ ನೋಡಿದ್ರ ಯಾರೂ ಇಲ್ಲ" ಎಂದಳು. ಎಡಗಾಲಿನ ಮೀನಖಂಡದ ಒಳಮಗ್ಗುಲನ್ನು ಮುಟ್ಟಗೊಡದಾದಳು.

ಮೀನಖಂಡವೆಂಬದು ಎಂಥ ಸೊಗಸಾದ ಹೆಸರು! ಮೊಣಕಾಲಿನ ಹಿಂದೆ ಇಳಿದು ಹಿಮ್ಮಡಿಯ ಕಡೆಗೆ ಸಣ್ಣದಾಗುವ ಆ ಮಾಂಸಖಂಡವು ನಿಜವಾಗಿಯೂ ಮೀನಿನ ಒಡಲಿನಂತಿರುವದು. ಸಂಸ್ಕೃತದಲ್ಲಿ ಇದು ಪಿಂಡಿಕಾ. ಸುಶ್ರುತನು ಎಣಿಸಿದ ೧೦೭ ಮರ್ಮಗಳಲ್ಲಿ 'ಇಂದ್ರಬಸ್ತಿ' ಎಂಬ ಮಾಂಸಮರ್ಮವು ಜಂಘೆಯ ಮಧ್ಯದಲ್ಲಿಯೇ ಇರುವದು. ಇಂದಿನ ಶಾರೀರಶಾಸ್ತ್ರವು ಇಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳನ್ನು ಹೇಳುವದು. ಮೇಲಿನದು ಎರಡು ತಲೆಗಳುಳ್ಳದ್ದಾಗಿ ತೊಡೆಯೆಲುಬಿನಿಂದ ಹೊರಡುವದು. ಅದರ ಅಡಿಯಲ್ಲಿರುವ ಚಪ್ಪಟೆಯಾದದ್ದು ಮೊಣಕಾಲಿನ ಕೆಳಗೆ ಹುಟ್ಟುವದು. ಎರಡೂ ಕೂಡಿ ಒಂದೇ ದಪ್ಪ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುವವು. ಹಿಮ್ಮಡಿಯನ್ನು ನೆಲದಿಂದ ಎತ್ತಿ ದೇಹವನ್ನು ಮುಂದಕ್ಕೆ ತಳ್ಳುವದು ಇವುಗಳ ಕೆಲಸ. ಓಟಗಾರರಿಗೆ ಹೆಚ್ಚಾಗಿ ಹರಿಯುವದು ಮೇಲಿನ ಸ್ನಾಯುವಿನ ಒಳಮಗ್ಗುಲಿನ ತಲೆ. ಕಲ್ಲು ಬಡಿದಂತಾಗುವದು ಅದರ ಲಕ್ಷಣವೇ ಆಗಿರುವದು.

ನಮ್ಮ ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ಸುದ್ದಿ ಕಿವಿಗೆ ಬಿದ್ದ ಕೂಡಲೆ ಎಣ್ಣೆಯ ಬಟ್ಟಲು ಹಿಡಿದು ಬಂದು, "ಎಣ್ಣಿ ಹಚ್ಚಿ ಗಟ್ಟಿಯಾಗಿ ತಿಕ್ಕಿದ್ರ ಎರಡು ದಿನದಾಗ ಹೋಗ್ತೈತಿ" ಎಂದರು. ನಮ್ಮ ಸೀಮೆಯ ಯಾವ ಮನೆಯಲ್ಲಿ ಈ ಮಾತು ಹುಟ್ಟುವದಿಲ್ಲ? ಆದರೆ ಪರೀಕ್ಷಿಸಿದ ವೈದ್ಯರು ಅದನ್ನು ಬೇಡವೆಂದರು. ಹೊಸದಾಗಿ ಹರಿದ ಎಳೆಗಳೊಳಗೆ ರಕ್ತ ಒಸರುತ್ತಿರುವಾಗ ತಿಕ್ಕಿದರೆ ಒಸರು ಹೆಚ್ಚುವದು. ಮೊದಲ ಕೆಲವು ದಿನ ಕಾಲಿಗೆ ಹಿತವಾದ ಬಿಗಿಪಟ್ಟಿ, ಮಲಗಿದಾಗ ದಿಂಬಿನ ಮೇಲೆ ಕಾಲು, ನಡೆಯುವಾಗ ಪಾದರಕ್ಷೆಯೊಳಗೆ ಹಿಮ್ಮಡಿಯ ಅಡಿಗೆ ಒಂದು ಮೆತ್ತೆ, ಇಷ್ಟೇ ಉಪಚಾರ. ಇದು ಎರಡನೆಯ ತರಗತಿಯ ಹರಿತವೆಂದೂ, ಎಳೆಗಳಲ್ಲಿ ಒಂದು ಭಾಗ ಮಾತ್ರ ಹರಿದಿದೆಯೆಂದೂ, ವಾರಗಳ ಲೆಕ್ಕ ಹಿಡಿಯಬೇಕೆಂದೂ ಅವರು ತಿಳಿಸಿದರು. ತಾಯಿಯವರು ಬಟ್ಟಲನ್ನು ಕೆಳಗಿಟ್ಟು, "ಆತು ಬಿಡಪಾ, ತಿಕ್ಕೂದಿಲ್ಲ. ಮುಟ್ಟಾಕರ ಬಿಡು" ಎಂದು ಮೊಮ್ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಅದಕ್ಕೆ ಯಾವ ವೈದ್ಯರ ನಿಷೇಧವೂ ಇರಲಿಲ್ಲ.

ಗೃಹಸ್ಥರು ತಿಳಿದಿರಬೇಕಾದ ಇನ್ನೊಂದು ಮಾತನ್ನೂ ವೈದ್ಯರು ಹೇಳಿದರು. ಮೀನಖಂಡದ ನೋವೆಲ್ಲವೂ ಉಳುಕಲ್ಲ. ಪೆಟ್ಟಿಲ್ಲದೆ ಒಂದೇ ಕಾಲು ಬಾತು ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲಿಯೂ ಬಹುಕಾಲ ಹಾಸಿಗೆ ಹಿಡಿದವರಿಗೆ ಹಾಗಾದರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಟಪ್ಪೆಂಬ ಸದ್ದಿನೊಂದಿಗೆ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವಾಗಿ, ತುದಿಗಾಲಿನ ಮೇಲೆ ನಿಲ್ಲಲು ಬಾರದಿದ್ದರೆ ಸ್ನಾಯುರಜ್ಜುವೇ ಹರಿದಿರಬಹುದು. ಆಗಲೂ ತಡಮಾಡಕೂಡದು.

ಮೊದಲ ವಾರ ಅವಳ ಸಂಚಾರ ಮನೆಯ ಪಡಸಾಲೆಯಲ್ಲಿಯೇ ಮುಗಿಯಿತು. ಎರಡನೆಯ ವಾರ ಬೆಳಗಿನ ಹೊತ್ತು ಅವಳೊಡನೆ ನಾವೂ ಹೊರಟೆವು. ಆಗ ನಮಗೆ ವಿದ್ಯಾಗಿರಿಯ ನೆಲದ ಗುಣ ತಿಳಿಯಹತ್ತಿತು. ಬೇವಿನ ನೆರಳಿನ ಒಂದು ಬೀದಿ ಪೂರ್ತಿ ಸಮವಾಗಿರುವದು. ಮೊದಲು ಅಲ್ಲಿಯೇ ಹೋಗಿ ಬರುವದು. ಆಮೇಲೆ ಬಯಲಿನ ಮೆತ್ತನೆಯ ಮಣ್ಣು. ಅದಾದ ಬಳಿಕ ಹೊಳೆಯ ಕಡೆಗೆ ಮುಖಮಾಡಿ ಇಳಿಯುವ ರಸ್ತೆ. ಕೊನೆಗೆ ಅದೇ ರಸ್ತೆಯನ್ನು ಹತ್ತಿ ಬರುವದು. ಇಳಿಯುವಾಗ ಭಾರವನ್ನು ಹೆಚ್ಚಾಗಿ ತೊಡೆಯ ಮುಂಭಾಗವು ತಡೆಯುವದು. ಏರುವಾಗಲಾದರೋ ಪಾದದ ಮುಂಭಾಗ ಮೇಲಾಗಿ ಹಿಮ್ಮಡಿ ಕೆಳಗಾಗುವದರಿಂದ ಮೀನಖಂಡವು ಹಿಗ್ಗಿದ ಸ್ಥಿತಿಯಲ್ಲಿಯೇ ದುಡಿಯಬೇಕಾಗುವದು. ಆದುದರಿಂದ ಏರು ಕೊನೆಯ ಪಾಠ. ನಮ್ಮ ಶಾಲೆಯಲ್ಲಿ ಶಬ್ದರೂಪ ಬಾರದವನಿಗೆ ಸಮಾಸ ಹೇಳಿಕೊಡುತ್ತಿರಲಿಲ್ಲ, ಇಲ್ಲಿಯೂ ಹಾಗೆಯೇ.

ಮೂರನೆಯ ವಾರದ ಕೊನೆಗೆ ನೋವು ನಿಂತಿತು. ನಿಜವಾದ ತೊಡಕು ಹುಟ್ಟಿದ್ದು ಆಗಲೇ. "ನೋವಿಲ್ಲ ಅಂದಮ್ಯಾಲ ಆರಾಮಾಗೇತಿ ಅಂತಲ್ಲೇನ್ರಿ? ನಾಳಿಂದ ಓಡ್ತೀನಿ" ಎಂದು ಅವಳು ಹಟಹಿಡಿದಳು. ಹುನಗುಂದದ ಹತ್ತಿರದ ಹಳ್ಳಿಯಿಂದ ಬಂದ ಅವಳ ತಂದೆಯು, "ಇನ್ನ ಓಟದ ಹೆಸರ ಎತ್ತಬ್ಯಾಡ, ಓದಿನ ಕಡೆ ನೋಡು" ಎಂದನು. ಒಬ್ಬರಿಗೆ ನಾಳೆಯೇ ಬೇಕು, ಇನ್ನೊಬ್ಬರಿಗೆ ಎಂದಿಗೂ ಬೇಡ. ಮನೆಯಲ್ಲಿ ಎರಡು ದಿನ ಊಟದ ಹೊತ್ತಿಗೆ ಮಾತಿರಲಿಲ್ಲ.

ನಾವು ಅವಳನ್ನೂ ತಮ್ಮನನ್ನೂ ಮನೆಯ ಬಾಗಿಲಿಗೆ ಕರೆದು, ವೈದ್ಯರು ಹೇಳಿಕೊಟ್ಟ ಪರೀಕ್ಷೆಯೊಂದನ್ನು ಮಾಡಿಸಿದೆವು. ಗೋಡೆಗೆ ಬೆರಳು ತಾಗಿಸಿ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಪೂರ್ಣ ಎತ್ತಿ ಇಳಿಸಬೇಕು. ಬಲಗಾಲಿನಿಂದ ಅವಳು ೨೫ ಸಲ ಎತ್ತಿದಳು. ಎಡಗಾಲು ಒಂಬತ್ತಕ್ಕೆ ನಡುಗಿ ನಿಂತಿತು. ನೋವು ಎಳ್ಳಷ್ಟೂ ಇರಲಿಲ್ಲ, ಬಲವೂ ಇರಲಿಲ್ಲ. ತಂದೆ-ಮಗಳು ಇಬ್ಬರೂ ಸುಮ್ಮನಾದರು.

ಈ ಪ್ರಸಂಗದ ಸಾರವೆಲ್ಲವೂ ಇಷ್ಟರಲ್ಲಿಯೇ ಇರುವದು. ನೋವು ಬೇಗ ಹೋಗುವದು, ಬಲವು ತಡವಾಗಿ ಬರುವದು. ಇವೆರಡರ ನಡುವಿನ ಕಾಲದಲ್ಲಿಯೇ ಕಾಲು ಮತ್ತೆ ಹರಿಯುವ ಭಯ ಹೆಚ್ಚು. ಇದಕ್ಕೆ ಕಾರಣವನ್ನು ನಮ್ಮ ಸೀಮೆಯ ಗೃಹಿಣಿಯರಿಗೆ ತಿಳಿಸುವದು ಸುಲಭ. ಇಲಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಅವೆರಡನ್ನು ಕೂಡಿಸುವರು. ಕೂಡಿಸಿದ ಎಳೆಗಳು ಮಗ್ಗದ ಬಿಗಿತವನ್ನು ತಾಳಿದರೆ ಮಾತ್ರ ಸೀರೆ. ಹರಿದ ಸ್ನಾಯುವಿನಲ್ಲಿಯೂ ಹೀಗೆಯೇ ಹೊಸ ಅಂಗಾಂಶವು ಹಳೆಯ ಎಳೆಗಳ ನಡುವೆ ಕೂಡಿಕೊಳ್ಳುವದು. ಮೊದಮೊದಲು ಅದು ಅಡ್ಡಾದಿಡ್ಡಿಯಾಗಿಯೂ ಮೃದುವಾಗಿಯೂ ಇರುವದು. ಅಳತೆಗೆ ತಕ್ಕ ಭಾರ ಬಿದ್ದಂತೆಲ್ಲ ಎಳೆಯುವ ದಿಕ್ಕಿಗೆ ಸಾಲುಗೊಂಡು ಗಟ್ಟಿಯಾಗುವದು. ಭಾರವೇ ಬೀಳದಿದ್ದರೆ ಸಾಲುಗೊಳ್ಳದು. ಮಿತಿಮೀರಿ ಬಿದ್ದರೆ ಮತ್ತೆ ಹರಿಯುವದು. ಆದುದರಿಂದ ಮಗಳ ಅವಸರವನ್ನೂ ತಂದೆಯ ನಿಷೇಧವನ್ನೂ ಬಿಟ್ಟು ಮಧ್ಯಮ ಮಾರ್ಗವನ್ನೇ ಹಿಡಿಯಬೇಕಾಯಿತು. ದಿನಾಲು ಹೊಸ್ತಿಲ ಬಳಿ ಹಿಮ್ಮಡಿ ಎತ್ತುವದು, ಸಾವಕಾಶವಾಗಿ ಇಳಿಸುವದು, ಲೆಕ್ಕವನ್ನು ದಿನದರ್ಶಿಕೆಯಲ್ಲಿ ಬರೆಯುವದು.

ದೂರದ ದಾರಿ ನಮ್ಮ ಸೀಮೆಗೆ ಹೊಸದಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ನಡೆದು ಹೋಗುವವರನ್ನು ಎಲ್ಲರೂ ಬಲ್ಲರು. ಯುಗಾದಿಯ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಿಂದ ಹೋಗುವ ಸಾವಿರಾರು ಭಕ್ತರಿಗೆ ದಾರಿಯುದ್ದಕ್ಕೂ ಜನರು ಅನ್ನ, ಮಜ್ಜಿಗೆ ನೀಡಿ ಉಪಚರಿಸುವರು. ಹತ್ತಾರು ಸಲ ಮಲ್ಲಯ್ಯನ ದರ್ಶನಕ್ಕೆ ನಡೆದ ನಮ್ಮ ನೆರೆಮನೆಯ ಹಿರಿಯರೊಬ್ಬರು ಅವಳ ಕುಂಟುನಡಿಗೆಯನ್ನು ಕಂಡು, "ತಂಗೀ, ಮೊದಲ ದಿನ ಓಡಿದಾವ ಮೂರನೇ ದಿನ ಕುಂದರತಾನ" ಎಂದರು. ನಮ್ಮ ಉಪದೇಶಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಹಿಡಿಸಿತು.

ನಾವು ಅವಳಿಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಕತೆಯನ್ನೂ ಹೇಳಿದೆವು. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ನಡೆದ ಒಲಿಂಪಿಕ್ ಕೂಟದ ಮ್ಯಾರಥಾನದಲ್ಲಿ ಅವರು ಭಾರತದ ಪರವಾಗಿ ಓಡಿದರು. ಆ ವರ್ಷದ ದಾರಿ ಇಂದಿನ ೪೨.೧೯೫ ಕಿಲೋಮೀಟರಿಗಿಂತಲೂ ಉದ್ದವಾಗಿ ೪೨.೭೫ ಕಿಲೋಮೀಟರಿದ್ದಿತು. ಅದನ್ನು ೨ ತಾಸು ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಅವರು ೧೯ನೆಯವರಾಗಿ ಬಂದರು. ಅದೇ ಕೂಟದ ೧೦,೦೦೦ ಮೀಟರಿನ ಓಟವನ್ನು ಅವರು ಮುಗಿಸಿರಲಿಲ್ಲ. ಅದನ್ನು ಕೇಳಿ ಅವಳು, "ಒಂದು ಬಿಟ್ರು, ಇನ್ನೊಂದು ಮುಗಿಸಿದ್ರು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾವು ಮುಂದೆ ಏನೂ ಹೇಳಲಿಲ್ಲ.

ಆರನೆಯ ವಾರಕ್ಕೆ ಎಡಗಾಲಿನ ಲೆಕ್ಕ ೧೮ಕ್ಕೆ ಬಂದಿತು. ಅರ್ಧ ತಾಸಿನ ಬಿರುಸು ನಡಿಗೆ ನೋವಿಲ್ಲದೆ ಸಾಗಿತು. ಏಳನೆಯ ವಾರ ಸಮನೆಲದ ಬೀದಿಯಲ್ಲಿ ಒಂದು ನಿಮಿಷದ ಓಟ, ಎರಡು ನಿಮಿಷದ ನಡಿಗೆ, ಹೀಗೆ ಹತ್ತು ಆವರ್ತ. ಒಂದು ದಿನ ಓಡಿದರೆ ಮರುದಿನ ಬಿಡುವು. ಎಂಟನೆಯ ವಾರಕ್ಕೆ ಲೆಕ್ಕ ೨೧. ಅಂದು ಸಂಜೆ ಅವಳು ದಿನದರ್ಶಿಕೆಯ ಮುಂದೆ ಬಹಳ ಹೊತ್ತು ನಿಂತಿದ್ದು, ತಾನೇ ಬಂದು, "ದೊಡ್ಡಪ್ಪಾ, ಈ ಸಲ ಬಿಡ್ತೀನ್ರಿ" ಎಂದಳು. ಕಣ್ಣಲ್ಲಿ ನೀರಿದ್ದಿತು, ದನಿಯಲ್ಲಿ ನಡುಕವಿರಲಿಲ್ಲ. ಆರು ತಿಂಗಳು ಕಾದ ಓಟವನ್ನು ಇಪ್ಪತ್ತರ ವಯಸ್ಸಿನಲ್ಲಿ ತಾನಾಗಿ ಬಿಡುವದು ಸಣ್ಣ ತ್ಯಾಗವಲ್ಲ. ಓಟದ ದಿನ ಬೆಳಗ್ಗೆ ಅವಳು ಇಲ್ಲಿಯೇ, ಬೇವಿನ ಬೀದಿಯಲ್ಲಿ, ಮೂರು ಕಿಲೋಮೀಟರು ನಿಲ್ಲದೆ ಓಡಿದಳು. ತಮ್ಮನು ಅಂದು ಬಂದಿದ್ದನು. ಬೀದಿಯ ಕೊನೆಗೆ ನೀರಿನ ತಂಬಿಗೆ ಹಿಡಿದು ನಿಂತವನು ಅವನೇ.

ಹನ್ನೆರಡನೆಯ ವಾರದಲ್ಲಿ ಲೆಕ್ಕ ೨೫ಕ್ಕೆ ಮುಟ್ಟಿತು. ವಿದ್ಯಾಗಿರಿಯ ಏರೂ ಮುಗಿದಿದ್ದಿತು. ಉಳಿದದ್ದು ಮೆಟ್ಟಲುಗಳ ಪರೀಕ್ಷೆ. ಅದಕ್ಕಾಗಿ ಎಲ್ಲರೂ ಕೂಡಿ ಬಾದಾಮಿಗೆ ಹೋದೆವು. ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹೆಗಳಿಗೆ ಮೆಟ್ಟಲೇರಿ ಹೋಗಬೇಕು. ಮೂರನೆಯದು ಚಾಲುಕ್ಯ ಮಂಗಲೇಶನು ಮಾಡಿಸಿದ್ದು. ಅದರ ಶಾಸನವು ಶಕ ೫೦೦, ಎಂದರೆ ಕ್ರಿ.ಶ. ೫೭೮ನ್ನು ಹೇಳುವದು. ನಾವು ಆ ಶಾಸನದ ಅಕ್ಷರಗಳ ಮುಂದೆ ತಡೆದು ನಿಂತಿರುವಷ್ಟರಲ್ಲಿ ಅವಳು ನಾಲ್ಕನೆಯ ಗುಹೆಯನ್ನು ಮುಟ್ಟಿ, ಅಗಸ್ತ್ಯತೀರ್ಥದ ಹಸಿರು ನೀರನ್ನು ಮೇಲಿನಿಂದ ನೋಡಿ, ಇಳಿದು ಬಂದಿದ್ದಳು. "ಹೆಂಗೈತಿ?" ಎಂದು ತಮ್ಮನು ಕೇಳಿದನು. "ನಾಳೆ ಮುಂಜಾನೆ ಹೇಳ್ತೀನಪ್ಪಾ" ಎಂದಳು. ಕಾಲಿನ ಉತ್ತರವು ಮರುದಿನದ ಬೆಳಗಿಗೆ ಬರುವದೆಂಬದನ್ನು ಅವಳು ಅಷ್ಟರಲ್ಲಿ ಕಲಿತಿದ್ದಳು.

ಮರುದಿನ ಬಿಗುವಿರಲಿಲ್ಲ. ಈಗ ಅವಳು ಮುಂದಿನ ಓಟಕ್ಕೆ ಸಿದ್ಧಳಾಗುತ್ತಿರುವಳು. ಹೊಸ್ತಿಲ ಬಳಿಯ ಇಪ್ಪತ್ತೈದನ್ನು ಮಾತ್ರ ಬಿಟ್ಟಿಲ್ಲ. ಅವಳ ಲೆಕ್ಕ ಮುಗಿದ ಮೇಲೆ ನಮ್ಮ ತಾಯಿಯವರು ಅದೇ ಗೋಡೆಗೆ ಕೈಯೂರಿ ಎರಡೂ ಹಿಮ್ಮಡಿಗಳನ್ನು ಕೂಡಿಯೇ ಐದು ಸಲ ಎತ್ತುವರು. ವಾಚಕರಲ್ಲಿ ಯಾರಾದರೂ ಬಾಗಲಕೋಟೆಗೆ ಬಂದರೆ ಒಂದು ಮುಂಜಾನೆ ವಿದ್ಯಾಗಿರಿಯಿಂದ ಹೊಳೆಯ ಕಡೆಗೆ ನಡೆದು ಇಳಿದು ನೋಡಲಿ, ಹಿನ್ನೀರು ಕಾಣುವದು. ಹತ್ತಿ ಬರುವಾಗ ಅವಸರ ಬೇಡ.